ಒಂದು ದಿನದ ಶಾಂತಾ

ನಾವು ಸಣ್ಣವರಿದ್ದಾಗ ದೊಡ್ಡವರು ಸಾಲಿ ನೋಡಲು ಬರುತ್ತಿದ್ದರು, ಮಕ್ಕಳು ಕೈಕಟ್ಟಿಕೊಂಡು ಕೂಡುತ್ತಿದ್ದೆವು. ಈಗ ದೊಡ್ಡವರು ಕೈಕಟ್ಟಿಕೊಂಡು ಕೂಡುತ್ತಾರೆ, ಮಕ್ಕಳು ಪ್ರಶ್ನೆ ಕೇಳುತ್ತವೆ. ಹೋದ ತಿಂಗಳು ನಮ್ಮ ಪಂಚಾಯತಿಯಲ್ಲಿ ಮಕ್ಕಳ ಗ್ರಾಮಸಭೆ ಆಯಿತು. ನನ್ನ ಮೊಮ್ಮಗಳು ಮೈಕು ಹಿಡಿದು, "ಅಧ್ಯಕ್ಷರ, ನಮ್ಮ ಸಾಲಿ ಪಾಯಖಾನಿಗೆ ನೀರು ಯಾವಾಗ ಬರ್ತೈತ್ರಿ? ನೋಡೂಣು ಅನಬ್ಯಾಡ್ರಿ, ತಾರೀಖು ಹೇಳ್ರಿ" ಅಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಎಲ್ಲರಿಗಿಂತ ಮೊದಲು ನಿಲ್ಲಿಸಿದವಳೂ ನಾನೇ. ಮೊಮ್ಮಗಳ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೇನು ಅಂತ ಕೇಳಬೇಡಿ. ಪಡುತ್ತಾರೆ. ಈ ಕೆಲಸದಲ್ಲಿ ನಾನು ಎಂಟು ವರ್ಷದವಳಿದ್ದಾಗಿನಿಂದ ಪಳಗಿದ್ದೇನೆ.

ಆ ಎಂಟನೇ ವರ್ಷದ ಕತೆಯನ್ನೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಟೈಪು ಮಾಡುವುದನ್ನು ಕಲಿಸಿದವಳೂ ಆ ಮೊಮ್ಮಗಳೇ. ಅವಳು ಸಾಲಿಯಿಂದ ಬರುವುದರೊಳಗೆ ಮುಗಿಸಬೇಕು, ಇಲ್ಲವಾದರೆ ತಪ್ಪು ತಿದ್ದಲು ಕೂಡುತ್ತಾಳೆ.

ನನ್ನ ತವರೂರು ಯಲಬುರ್ಗಾ ಕಡೆ, ಎರೆಹೊಲಗಳ ನಡುವಿನ ಸಣ್ಣ ಊರು. ಆಗ ಚಳಿಗಾಲ, ಜೋಳ ಹಾಲು ತುಂಬಿ ನಿಂತಿತ್ತು. ಎಳೆ ತೆನೆಗಳನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಬೆಲ್ಲದ ಚೂರಿನ ಜೊತೆ ಬಿಸಿಬಿಸಿಯಾಗಿ ಬಾಯಿಗೆ ಹಾಕಿಕೊಳ್ಳುವ ಸೀತನಿಯ ದಿನಗಳು. ಊರ ತುಂಬ ಅದೇ ವಾಸನೆ. ನನ್ನ ಮೂಗು ಮಾತ್ರ ಹೊಲದ ಕಡೆ ಇರುತ್ತಿರಲಿಲ್ಲ, ಚಾವಡಿಯ ಕಡೆ ಇರುತ್ತಿತ್ತು. ಚಾವಡಿಯಲ್ಲಿ ಹೆಣ್ಣುಮಕ್ಕಳ ಸಾಲಿ. ಅಲ್ಲಿ ಮಧ್ಯಾಹ್ನಕ್ಕೆ ಹಳದಿ ರವೆಯ ಉಪ್ಪಿಟ್ಟು ಬೇಯುತ್ತಿತ್ತು. ಅದಕ್ಕೆ ಒಗ್ಗರಣೆಯೆಂದರೆ ನಾಲ್ಕು ಸಾಸಿವೆ, ಎರಡು ಮೆಣಸಿನಕಾಯಿ. ಆದರೂ ಆ ವಾಸನೆ ಬಂದರೆ ನನಗೆ ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ ಮಾತ್ರ ಉಪ್ಪಿಟ್ಟು. ನನ್ನ ಹೆಸರು ಅದರಲ್ಲಿ ಇರಲಿಲ್ಲ. ಅವ್ವ ಕೂಲಿಗೆ ಹೋದರೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ತಿರುಗುವುದು ನನ್ನ ಪಾಲಿನ ಕೆಲಸವಾಗಿತ್ತು.

ಪುಸ್ತಕದಲ್ಲಿ ಹೆಸರಿದ್ದವಳು ಶಾಂತಾ. ನನ್ನ ವಾರಿಗೆಯವಳು, ನಮ್ಮ ಓಣಿಯವಳು. ಅವಳ ಅಪ್ಪ ವೀರಭದ್ರಪ್ಪ ಸಾಹುಕಾರ ಊರಿಗೆ ಒಂದೇ ಕಿರಾಣಿ ಅಂಗಡಿಯ ಮಾಲೀಕ, ಪಂಚಾಯತಿ ಮೆಂಬರೂ ಹೌದು. ಸಾಲಿಯ ಮೇಲ್ವಿಚಾರಣೆ ಅವನದೇ. ಚಾವಡಿಯ ಕೀಲಿ ಅವನ ಉಡಿದಾರಕ್ಕೆ, ರವೆಯ ಚೀಲ ಅವನ ಅಂಗಡಿಯ ಮೂಲೆಗೆ. ಶಾಂತಾಗೆ ಕೆಂಪು ರಿಬ್ಬನ್ನು ಇತ್ತು, ಬೆನ್ನಿಗೆ ನಾಲ್ಕು ಗುಂಡಿಯ ಝಂಪರು ಇತ್ತು. ಅವೆಲ್ಲ ನನಗೆ ಅಷ್ಟು ಚುಚ್ಚುತ್ತಿರಲಿಲ್ಲ. ಚುಚ್ಚುತ್ತಿದ್ದುದು ಮುಂಜಾನೆಯ ಹಾಜರಿ. ಪಾಠ ಹೇಳುವ ಅಕ್ಕೋರು "ಶಾಂತಾ" ಅನ್ನುವರು. ಅವಳು "ಹಾಜರ್ರೀ..." ಅಂತ ಉದ್ದ ಎಳೆಯುವಳು. ನಾನು ಚಾವಡಿ ಕಟ್ಟೆಯ ಕೆಳಗೆ ತಮ್ಮನ ಮೂಗು ಒರೆಸುತ್ತ ಆ ಎಳೆತ ಕೇಳುತ್ತಿದ್ದೆ. ನನ್ನನ್ನೂ ದಿನಕ್ಕೆ ನೂರು ಸಲ ಕರೆಯುತ್ತಿದ್ದರು: "ಏ ಹುಲಿಗಿ, ಕುಳ್ಳು ತಾ", "ಏ ಹುಲಿಗಿ, ಕೂಸು ಅಳಾಕತ್ತೈತಿ". ಹಾಜರ್ರೀ ಅನ್ನುವ ಹಾಗೆ ಒಬ್ಬರೂ ಕರೆಯುತ್ತಿರಲಿಲ್ಲ.

ಸಂಜೆಗೆ ನಾವಿಬ್ಬರೂ ಅವಳ ಹಿತ್ತಲಲ್ಲಿ ಸಾಲಿ ಆಟ ಆಡುತ್ತಿದ್ದೆವು. ಆಟದಲ್ಲಿ ಯಾವಾಗಲೂ ಅವಳೇ ಅಕ್ಕೋರು. ಕೈಯಲ್ಲಿ ತೊಗರಿ ಕಟಗಿ, ಎದುರಿಗೆ ನಾನೊಬ್ಬಳೇ ಇಡೀ ತರಗತಿ.

"ಹುಲಿಗಿ, ಎದ್ದು ನಿಂದ್ರು. ಹದಿಮೂರು ಏಳ್ಲೆ?"

"ತೊಂಬತ್ತು."

"ಎಷ್ಟೂ?"

"ತೊಂಬತ್ತೊಂದು! ಕಿವಿ ಬಿಡ, ಸತ್ತೆ!"

"ಅಕ್ಕೋರಿಗೆ ಬಿಡ ಅಂತಾರೇನ? ಬಿಡ್ರಿ ಅನು."

"ಬಿಡ್ರೀ..."

ನನ್ನ ಬಲಗಿವಿ ಇವತ್ತಿಗೂ ಎಡಗಿವಿಗಿಂತ ಉದ್ದ ಅಂತ ನನಗೆ ಅನುಮಾನವಿದೆ. ಆದರೆ ಮುಂಜಾನೆ ಕಲಿತದ್ದನ್ನು ಅವಳು ಸಂಜೆಗೆ ಒಂದೂ ಬಿಡದೆ ನನ್ನ ತಲೆಗೆ ಹಾಕುತ್ತಿದ್ದಳು. ಇದ್ದಿಲಲ್ಲಿ ಗೋಡೆಯ ಮೇಲೆ ಅಕ್ಷರ ತಿದ್ದಿಸುತ್ತಿದ್ದಳು. ಮೊದಲು ತಿದ್ದಿಸಿದ ಶಬ್ದ ಯಾವುದು ಗೊತ್ತೇ? ಶಾಂತಾ. ದಿನಾ ಅದನ್ನೇ ಹತ್ತು ಸಲ ಬರೆಯಬೇಕು. ನನ್ನ ಹೆಸರು ಬರೆಯಲು ನನಗೆ ಬರುತ್ತಿರಲಿಲ್ಲ, ಅವಳದು ಮುತ್ತಿನ ಹಾಗೆ ಬರೆಯುತ್ತಿದ್ದೆ. ಹೊಟ್ಟೆಯೊಳಗೆ ಕಿಚ್ಚು ಇರಲಾರದೆ ಇನ್ನೇನಿದ್ದೀತು?

ಹೀಗಿರುವಾಗ ತಾಲೂಕು ಬೋರ್ಡಿನವರು ಸಾಲಿ ತಪಾಸಣೆಗೆ ಬರುವ ಸುದ್ದಿ ಬಂತು. ಇಪ್ಪತ್ತು ಮಕ್ಕಳಾದರೂ ಕೂತಿರಬೇಕು, ಇಲ್ಲವಾದರೆ ಹೆಣ್ಣುಮಕ್ಕಳ ಸಾಲಿಯನ್ನೇ ಎತ್ತಿ ಬೇರೆ ಊರಿಗೆ ಕೊಡುತ್ತಾರಂತೆ. ಪುಸ್ತಕದಲ್ಲಿ ಇಪ್ಪತ್ನಾಲ್ಕು ಹೆಸರು. ಬರುತ್ತಿದ್ದವರು ಹದಿನೈದು, ಉಳಿದವರು ಹತ್ತಿ ಬಿಡಿಸಲು ಹೋಗಿದ್ದರು. ಶಾಂತಾ ಕೂಡ ಸೋದರಮಾವನ ಮಗನ ಜವಳಕ್ಕೆಂದು ಗಂಗಾವತಿಗೆ ಹೋದವಳು ಇನ್ನೂ ಬಂದಿರಲಿಲ್ಲ. ವೀರಭದ್ರಪ್ಪ ಸಾಹುಕಾರ ಸುಮ್ಮನೆ ಕೂಡುವ ಮನುಷ್ಯನಲ್ಲ. ಮನೆಮನೆ ತಿರುಗಿ ಮಕ್ಕಳನ್ನು ಎರವಲು ತರತೊಡಗಿದ. ನಮ್ಮ ಮನೆಗೂ ಬಂದ.

"ಬಸವ್ವ, ನಾಳಿ ಒಂದಿನದ ಮಟ್ಟಿಗೆ ನಿನ್ನ ಹುಡುಗಿನ್ನ ಕೊಡವಾ. ನಮ್ಮ ಶಾಂತಾನ ಜಾಗದಾಗ ಕುಂದರಬೇಕು."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಇಸಗೊಂಡು ಹೋಗಾಕ ಆಕಿ ಏನ್ ಒನಕೀನ್ರಿ ಸಾಹುಕಾರ್ರ?"

"ಸಾಲಿ ಉಳೀಬೇಕಲ್ಲವಾ. ಮಧ್ಯಾಹ್ನ ಉಪ್ಪಿಟ್ಟು ತಿಂದು ಬರ್ತಾಳ."

"ಕೂಸಿನ್ನ ಯಾರು ಹಿಡಕೊಳ್ಳೋರು?"

ನಾನು ಒಳಗಿನಿಂದ ಓಡಿ ಬಂದು ಅವ್ವನ ಕಾಲು ಹಿಡಿದೆ. ಮರುದಿನ ಅವ್ವ ಕೂಲಿ ಬಿಟ್ಟು ಮನೆಯಲ್ಲಿ ಉಳಿದಳು.

ಮುಂಜಾನೆ ಅಕ್ಕೋರು ನನ್ನನ್ನು ಚಾವಡಿ ಹಿಂದೆ ಕರೆದೊಯ್ದು ತಲೆಗೆ ಎಣ್ಣೆ ಹಚ್ಚಿ ಬಾಚಿದರು. ಕುಷ್ಟಗಿ ಕಡೆಯವರು, ಒಬ್ಬರೇ ಇರುತ್ತಿದ್ದರು. ಎರಡು ಸಲ ಬೈತಲೆ ತಪ್ಪಿ ಮತ್ತೆ ತೆಗೆದರು.

"ಇವತ್ತ ನಿನ್ನ ಹೆಸರು ಏನು?"

"ಶಾಂತಾ ರೀ."

"ಅಪ್ಪನ ಹೆಸರು?"

"ವೀರಭದ್ರಪ್ಪ ರೀ." ಅಂದು, ಸಾಹುಕಾರ ಅಲ್ಲೇ ನಿಂತದ್ದನ್ನು ನೋಡಿ, "ಯಪ್ಪಾ, ಬೆಲ್ಲ ಕೊಡ" ಅಂದೆ. ಅವನಿಗೂ ನಗು ತಡೆಯಲಾಗಲಿಲ್ಲ.

ಜೀಪಿನಿಂದ ಇಳಿದ ಬೋರ್ಡಿನ ಮೆಂಬರು ದಪ್ಪ ಅಂಚಿನ ಬಿಳಿ ಸೀರೆಯ ಹೆಂಗಸು, ಎಲ್ಲರೂ ಬಾಯಾರು ಅನ್ನುತ್ತಿದ್ದರು. ಹೆಣ್ಣುಮಗಳು ಜೀಪಿನ ಮುಂದಿನ ಸೀಟಿನಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಹಾಜರಿ ಆಯಿತು. "ಶಾಂತಾ" ಅಂದಾಗ ನಾನು "ಹಾಜರ್ರೀ..." ಅಂತ ಎಷ್ಟು ಎಳೆದೆನೆಂದರೆ ಅಕ್ಕೋರು ಪುಸ್ತಕದ ಮರೆಯಿಂದ ಕಣ್ಣು ಬಿಟ್ಟರು. ಬಾಯಾರು ಹದಿಮೂರರ ಮಗ್ಗಿ ಕೇಳಿದರು. ಎರವಲು ಮಕ್ಕಳೆಲ್ಲ ನೆಲ ನೋಡಿದವು, ಖರೆ ಮಕ್ಕಳೂ ನೋಡಿದವು. ನಾನು ಎದ್ದು ನಿಂತೆ. ಕಿವಿ ಹಿಡಿಯುವವರು ಯಾರೂ ಇಲ್ಲದ ಖುಷಿಯಲ್ಲಿ ನೂರಾ ಮೂವತ್ತರವರೆಗೆ ಒಂದೇ ಉಸಿರಿಗೆ ಹೇಳಿದೆ. "ಹೆಸರು ಬರಿ" ಅಂದರು. ಹಲಗೆಯ ಮೇಲೆ ಬರೆದೆ: ಶಾಂತಾ.

"ಭಾಳ ಶಾಣ್ಯಾ ಅದಾಳ" ಅಂದರು ಬಾಯಾರು. "ಝೆಂಡಾ ಏರಿಸೋ ದಿನ ಬರ್ತೀನಿ. ಈಕಿಗೆ ಬೋರ್ಡಿನಿಂದ ಒಂದು ಹೊಸ ಪಾಟಿ."

ಮಣಿ ಪೋಣಿಸಿದ, ಕಟ್ಟಿಗೆಯ ಚೌಕಟ್ಟಿನ, ಬರೆದು ಒರೆಸುವ ಪಾಟಿ! ಆವತ್ತು ಉಪ್ಪಿಟ್ಟು ತಿಂದೆನೋ ಇಲ್ಲವೋ ನೆನಪಿಲ್ಲ. ಅಷ್ಟು ದಿನ ಮೂಸಿದ್ದಕ್ಕೆ ರುಚಿಯಾದರೂ ನೆನಪಿರಬೇಕಿತ್ತು.

ಎರಡು ದಿನಕ್ಕೆ ಶಾಂತಾ ಗಂಗಾವತಿಯಿಂದ ಬಂದಳು. ಹಿತ್ತಲಲ್ಲಿ ಎಲ್ಲ ಹೇಳಿದೆ. ಅವಳು ತೊಗರಿ ಕಟಗಿ ತಿರುಗಿಸುತ್ತ ವಿಚಾರ ಮಾಡಿದಳು.

"ಮಗ್ಗಿ ಯಾರು ಕಲಿಸಿದ್ರು?"

"ನೀನು."

"ಬರದದ್ದು ಯಾರ ಹೆಸರು?"

"ನಿಂದು."

"ಮತ್ತ ಪಾಟಿ ಯಾರದು?"

ನಾನು ಇದ್ದಿಲು ಎತ್ತಿಕೊಂಡು ಗೋಡೆಯ ಮೇಲೆ ದಿನದ ಹತ್ತು ಸಲದ ಶಾಂತಾ ಬರೆಯತೊಡಗಿದೆ.

ಝೆಂಡಾ ದಿನ ಊರೆಲ್ಲ ಚಾವಡಿ ಮುಂದೆ ಸೇರಿತ್ತು. ನಾನು ತಮ್ಮನನ್ನು ಹೊತ್ತು ಹಿಂದೆ ನಿಂತಿದ್ದೆ. ಮುಂಜಾನೆಯೇ ಅಕ್ಕೋರು ಮನೆಗೆ ಬಂದು, "ಹುಲಿಗಿ, ಏನೂ ಅನಬ್ಯಾಡವಾ. ನನ್ನ ನೌಕರಿ, ಸಾಲಿ, ಎಲ್ಲಾ ನಿನ್ನ ಬಾಯಾಗ ಐತಿ" ಅಂದಿದ್ದರು. ಹೂಂ ಅಂದಿದ್ದೆ. ಬಾಯಾರು ಶಾಂತಾ ಎಂದು ಕರೆದರು. ಶಾಂತಾ ಜರಿಯಂಚಿನ ಪರಕಾರ ಉಟ್ಟು ಮುಂದೆ ಹೋದಳು. ಬಾಯಾರು ಪಾಟಿ ಚಾಚಿದವರು ತಡೆದರು.

"ಆವತ್ತ ನಿನಗ ಮುಂದಿನ ಹಲ್ಲು ಇರಲಿಲ್ಲಲ್ಲವಾ? ಇಷ್ಟು ಜಲ್ದಿ ಬಂತೇನ?"

ಅಕ್ಕೋರ ಮುಖ ಬೂದಿಯಾಯಿತು. ಶಾಂತಾ ಮಾತ್ರ ಹೆದರಲಿಲ್ಲ. "ಬಂತ್ರಿ ಬಾಯಾರ. ನಮ್ಮ ಮನ್ಯಾಗ ಎಲ್ಲಾರಿಗೂ ಜಲ್ದಿ ಬರ್ತಾವ್ರಿ."

ಜನ ನಕ್ಕರು. ಬಾಯಾರೂ ನಕ್ಕರು. ಅಲ್ಲಿಗೆ ಮುಗಿಯುತ್ತಿತ್ತು. ಶಾಂತಾ ಪಾಟಿ ಹಿಡಿದು ತಿರುಗುವಾಗ ಗುಂಪಿನಲ್ಲಿ ನನ್ನನ್ನು ಹುಡುಕಿ, ಹುಬ್ಬು ಹಾರಿಸಿದಳು ನೋಡಿ, ಅಕ್ಕೋರಿಗೆ ಹೂಂ ಅಂದದ್ದು ನನಗೆ ಮರೆತೇಹೋಯಿತು. ಜನರ ಕಾಲುಗಳ ನಡುವೆ ನುಗ್ಗಿ ಮುಂದೆ ಬಂದು, ಬಾಯಿ ಅಗಲ ಮಾಡಿ ಹಲ್ಲಿಲ್ಲದ ಸಂದು ತೋರಿಸಿದೆ.

"ನಂದು ಇನ್ನೂ ಬಂದಿಲ್ರೀ!"

ತಮ್ಮನೂ ನನ್ನನ್ನು ನೋಡಿ ಬಾಯಿ ತೆರೆದ.

ಬಾಯಾರು ನನ್ನನ್ನೂ ಅಕ್ಕೋರನ್ನೂ ನೋಡಿದರು. ಸೀಮೆಸುಣ್ಣ ಕೊಟ್ಟು, "ನಿನ್ನ ಖರೆ ಹೆಸರು ಬರಿ" ಅಂದರು. ನಾನು ಕೈಯೆತ್ತಿ ಹಾಗೇ ನಿಂತೆ.

"ಬರೂದಿಲ್ರಿ. ಆಕಿ ಕಲಿಸಿಲ್ಲ."

"ಕೇಳಿದ್ರ ಕಲಿಸ್ತಿದ್ದೆ!" ಅಂತ ಶಾಂತಾ ಚೀರಿದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಆವತ್ತೊಂದೇ ದಿನ.

ಬಾಯಾರು ಹಾಜರಿ ಪುಸ್ತಕ ತರಿಸಿ ಪ್ರತಿ ಹೆಸರಿಗೂ ಮುಖ ಕೇಳಿದರು. ಕೊನೆಗೆ ಸಾಹುಕಾರನಿಗೆ ಹೇಳಿದರು: "ಎರವಲು ತಂದ ಮಕ್ಕಳು ಇದ ಊರಿನವಲ್ಲೇನ್ರಿ? ಅವರ ಹೆಸರೆಲ್ಲಾ ಇವತ್ತ ಹಚ್ಚರಿ. ಸಾಲಿ ಉಳೀತೈತಿ. ಕೂಸುಗಳಿದ್ರ ಬಗಲಾಗ ಕುಂದರಸ್ಕೊಳ್ಳಲಿ." ಪಾಟಿ ನನ್ನ ಕೈಗೆ ಬಂತು. ಅಕ್ಕೋರು ಪುಸ್ತಕದ ಕೊನೆಗೆ ಬರೆದರು: ಹುಲಿಗೆವ್ವ.

ನನಗೆ ಬೇಕಾದದ್ದೆಲ್ಲ ಸಿಕ್ಕಿತು. ಸುಳ್ಳು ಹಾಜರಿಗಾಗಿ ಅಕ್ಕೋರಿಗೆ ತಿಂಗಳೊಳಗೆ ವರ್ಗವಾಯಿತು. ಅವರು ಟ್ರಂಕು ಹೊತ್ತ ಗಾಡಿಯ ಹಿಂದೆ ನಡೆದು ಹೋದರು, ನನ್ನನ್ನು ಬೈಯಲಿಲ್ಲ. ಊರ ಮುಂದೆ ಮಾನ ಹೋಯಿತೆಂದು ಸಾಹುಕಾರ ಮಗಳನ್ನು ಸಾಲಿ ಬಿಡಿಸಿದ. ನಾನು ತಮ್ಮನನ್ನು ಬಗಲಲ್ಲಿ ಕೂರಿಸಿಕೊಂಡು ಶಾಂತಾ ಕೂಡುತ್ತಿದ್ದ ಜಾಗದಲ್ಲೇ ಕೂತೆ. ಮೊದಲ ದಿನ ಸಂಜೆ ಹಿತ್ತಲಿಗೆ ಓಡಿದೆ. ಅವಳು ತನ್ನವ್ವನ ಜೊತೆ ಜೋಳ ಹಸನು ಮಾಡುತ್ತಿದ್ದಳು. ತಲೆಯೆತ್ತಲಿಲ್ಲ. "ಇನ್ನ ನಿನಗ ಸಾಲಿ ಐತಲ್ಲ, ಹೋಗು" ಅಂದಳು, ಅಷ್ಟೇ.

ಅವಳನ್ನು ನವಲಿ ಕಡೆ ಕೊಟ್ಟರು, ನನ್ನನ್ನು ಸಿದ್ದಾಪುರಕ್ಕೆ. ಎಷ್ಟೋ ವರ್ಷಗಳ ಮೇಲೆ ಗಂಗಾವತಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ದಪ್ಪ ಹೆಂಗಸು ನನ್ನ ಮುಂದೆ ಬಂದು ನಿಂತಳು. ಕ್ಷೇಮ ಕೇಳಲಿಲ್ಲ, ಮಕ್ಕಳೆಷ್ಟು ಅನ್ನಲಿಲ್ಲ.

"ಎಷ್ಟನೇ ಇಯತ್ತೆ ತನಕ ಕಲತಿ?"

"ಏಳು."

"ಏಳಾ?" ಅವಳ ದನಿ ಏರಿತು, ಬಸ್ಸಿಗೆ ಕಾದವರೆಲ್ಲ ತಿರುಗಿ ನೋಡಿದರು. "ನನ್ನ ಜಾಗದಾಗ ಕುಂತು ಏಳಕ್ಕ ನಿಂತೇನ? ನಾ ಆಗಿದ್ರ ಮ್ಯಾಟ್ರಿಕ್ ಮಾಡ್ತಿದ್ದೆ. ಇಷ್ಟು ವರ್ಷ ನಿನ್ನ ನೆನಸಿಕೊಂಡು ಹೊಟ್ಟಿ ಉರಕೊಂಡೆನಲ್ಲ, ಎಲ್ಲಾ ದಂಡ!"

ಬಸ್ಸು ಬಂತು, ಹತ್ತಿ ಹೋದಳು. ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಖುಷಿಯೋ ಖುಷಿ. ಶಾಂತಾ ನನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟಳಂತೆ! ಮನೆಗೆ ಬಂದು ಕಾಲು ತೊಳೆಯುವಾಗಷ್ಟೇ ಅಳು ಬಂದದ್ದು.

ಈಗ ಸಾಲಿಯಲ್ಲಿ ತತ್ತಿ, ಬಾಳೆಹಣ್ಣು, ಹಾಲು. ಪಂಚಾಯತಿಯವರು ಬಂದು ಅಡಿಗೆ ಕೋಣೆ ನೋಡುತ್ತಾರೆ, ಮಕ್ಕಳ ಮಾತು ಬರೆದುಕೊಳ್ಳುತ್ತಾರೆ. ಹೆಸರಿಗೊಂದು ಮುಖವಿದೆ, ಯಾರೂ ಯಾರ ಜಾಗದಲ್ಲೂ ಕೂಡಬೇಕಿಲ್ಲ. ನೀರು ಬರುವ ತಾರೀಖನ್ನೂ ಅಧ್ಯಕ್ಷರು ಹೇಳಿದರು. ಈ ಎಲ್ಲ ಮಕ್ಕಳ ಮೇಲೂ ನನಗೆ ಹೊಟ್ಟೆಕಿಚ್ಚಿದೆ, ಮುಚ್ಚಿಡುವುದಿಲ್ಲ. ಆದರೆ ಹೋದ ವರ್ಷ ನವಲಿಯಿಂದ ಶಾಂತಾ ತೀರಿಹೋದ ಸುದ್ದಿ ಬಂತು. ನಾನು ಸಾಲಿ ಕಲಿತೆನೆಂದು ಹೊಟ್ಟೆ ಉರಿದುಕೊಳ್ಳುವವರು ಈ ಭೂಮಿಯ ಮೇಲೆ ಇನ್ನು ಒಬ್ಬರೂ ಇಲ್ಲ.