ಹಗ್ಗದ ಆಚೆ ತುದಿ

ಕಪ್ಪತಗುಡ್ಡದ ಮುಂಡರಗಿ ಮಗ್ಗುಲಿನಲ್ಲಿ, ಕಾಡು ಮುಗಿಯುವಲ್ಲಿ, ಗೋಡೆಯಂತೆ ಕಡಿದಾದ ಒಂದು ಬಂಡೆಯಿದೆ. ಅದರ ನಡುಭಾಗದಲ್ಲಿ ವರ್ಷವೂ ಹೆಜ್ಜೇನು ಕಟ್ಟುತ್ತಿತ್ತು. ಅದನ್ನು ಬಿಡಿಸಲು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಮೇಲಿನಿಂದ ಇಳಿಯಬೇಕು. ಇಳಿಯುವವನ ಹಗ್ಗವನ್ನು ಅವನ ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯಬೇಕೆಂಬುದು ನಮ್ಮವರ ಪದ್ಧತಿ. ಸ್ವಂತ ಅಣ್ಣತಮ್ಮಂದಿರಿಗೆ ಹೊಲದ ಪಾಲಿನ ಆಸೆಯಿರಬಹುದು. ಆದರೆ ಒಡಹುಟ್ಟಿದವಳ ಕುಂಕುಮ ಅಳಿಸಲು ಯಾರೂ ಕೈ ಸಡಿಲಿಸುವುದಿಲ್ಲವೆಂಬ ನಂಬಿಕೆ.

ಕನ್ನಡ ನಾಡು ಒಂದಾದ ಹೊಸತು. ನಮ್ಮ ಮನೆತನದ ಮೊದಲ ಪದವೀಧರನಾಗಿ ನಾನು ಧಾರವಾಡದಿಂದ ಮರಳಿದ್ದೆ. ನೌಕರಿಯ ಅರ್ಜಿಯನ್ನು ಇನ್ನು ಮುಂಬಯಿ ಸರಕಾರಕ್ಕೆ ಬರೆಯಬೇಕೋ ಮೈಸೂರು ಸರಕಾರಕ್ಕೋ ಎಂಬುದೇ ಸ್ಪಷ್ಟವಿಲ್ಲದೆ ಮನೆಯಲ್ಲಿ ಕುಳಿತಿದ್ದೆ. ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಆಕೆಗೆಂದು ಜೇನು ಬಿಡಿಸಲು ಆಕೆಯ ಗಂಡ, ಅಂದರೆ ನಾನು ಮಾಮಾ ಎನ್ನುತ್ತಿದ್ದವರು, ನಮ್ಮ ಮನೆಗೆ ಬಂದರು. ಪ್ರತಿವರ್ಷ ಅವರ ಹಗ್ಗ ಹಿಡಿಯುತ್ತಿದ್ದ ನಮ್ಮಣ್ಣ ಚಳಿಜ್ವರದಿಂದ ಮಲಗಿದ್ದ. ಹೀಗಾಗಿ ಆ ಸರದಿ ನನ್ನದಾಯಿತು.

“ಅಂವಾ ಪೆನ್ ಹಿಡಿಯಾಂವ, ಹಗ್ಗಲ್ಲ. ಈ ವರ್ಷ ಬ್ಯಾಡ ಬಿಡ್ರಿ,” ಎಂದಳು ಅಕ್ಕ.

“ಬಿ.ಎ. ಪಾಸಾದ್ರ ನಿನ್ನ ತಮ್ಮ ಅಲ್ಲಂತಾತೇನು? ನಡೀಲೇ ಅಳ್ಯಾ, ಸಾಹೇಬರ ಕೈ ಹೆಂಗೈತಿ ನೋಡೂಣು,” ಎಂದು ಮಾಮಾ ನಕ್ಕರು. ಅಕ್ಕ ನಗಲಿಲ್ಲ.

ಜೇನುಹುಳುಗಳು ಚಳಿಗೆ ಜಡವಾಗಿರುವ ಬೆಳಗಿನ ಹೊತ್ತಿನಲ್ಲಿ ನಾವು ಬಂಡೆಯ ನೆತ್ತಿ ತಲುಪಿದೆವು. ಕೆಳಗಿನ ಕಾಡು ಮಂಜಿನಲ್ಲಿ ಇಲ್ಲವಾಗಿತ್ತು. ದಾರಿಯುದ್ದಕ್ಕೂ ಒಂದು ಹಕ್ಕಿಯೂ ಕೂಗಿರಲಿಲ್ಲ. ಹಗ್ಗವನ್ನು ಮರಕ್ಕೆ ಕಟ್ಟುವುದು ಹೆಚ್ಚು ಕ್ಷೇಮಕರವೆಂದು ನಾನು ವಿನಯದಿಂದಲೇ ಸೂಚಿಸಿದೆ.

“ಗಿಡಕ್ಕ ಅಕ್ಕ ಇರತಾಳೇನ್ಲೇ?” ಎಂದ ಮಾಮಾ ಹಗ್ಗದ ಒಂದು ತುದಿಯನ್ನು ತಮ್ಮ ಸೊಂಟಕ್ಕೆ, ಇನ್ನೊಂದನ್ನು ನನ್ನ ಸೊಂಟಕ್ಕೆ ಬಿಗಿದರು. “ಒಮ್ಮೆ ಜಗ್ಗಿದ್ರ ಬಿಡು, ಎರಡ ಸಲ ಜಗ್ಗಿದ್ರ ಎಳಿ. ಕೂಗಬ್ಯಾಡ, ಹುಳಾ ಏಳತಾವು.”

ಮೊದಲು ಅವರ ಎದೆ, ಆಮೇಲೆ ರುಮಾಲು ಅಂಚಿನಡಿ ಮರೆಯಾದವು. ನಾನು ಕುಳಿತು ಹಗ್ಗವನ್ನು ಸ್ವಲ್ಪಸ್ವಲ್ಪವೇ ಬಿಟ್ಟೆ. ಒಮ್ಮೆಲೆ ಕಲ್ಲುಗಳು ಉರುಳಿದ ಸದ್ದು. ಸೊಂಟವನ್ನು ಯಾರೋ ಹಿಡಿದೆಳೆದಂತಾಗಿ ನಾನು ಕುಳಿತ ಭಂಗಿಯಲ್ಲೇ ಅಂಚಿನತ್ತ ಜಾರಿದೆ. ಹಿಮ್ಮಡಿಗೆ ಒಂದು ಸೀಳು ಸಿಕ್ಕಿತು. ಜಾರುವುದು ನಿಂತಿತು. ಭಾರ ತಾನಾಗಿಯೇ ಇಳಿಯಿತು. ಮಾಮಾ ಎಲ್ಲಿಯೋ ಕಾಲೂರಿರಬೇಕು ಎಂದುಕೊಂಡೆ.

ಬಳಿಕ ಹಗ್ಗ ಸಡಿಲಾಯಿತು, ಸಡಿಲಾಗಿಯೇ ಉಳಿಯಿತು. ಹುಳುಗಳನ್ನು ಓಡಿಸಲು ಮಾಮಾ ಹಚ್ಚಿದ ಹಸಿ ಸೊಪ್ಪಿನ ಹೊಗೆ ಮೇಲೆ ಬಂತು. ಅದರ ಹಿಂದೆಯೇ ಹುಳುಗಳ ಮೊರೆತವೂ ಏರಿತು. ಕೂಗುವಂತಿರಲಿಲ್ಲ. ಬಗ್ಗಿ ನೋಡುವ ಧೈರ್ಯವೂ ಇರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಹಗ್ಗ ಎರಡು ಸಲ ಅಲುಗಿತು. ಎಳೆದೆ. ಮನುಷ್ಯನ ಭಾರವಿರಲಿಲ್ಲ. ತುದಿಯಲ್ಲಿ ಮೇಲೆ ಬಂದದ್ದು ಜೇನು ತುಂಬಿದ ತೊಗಲಿನ ಚೀಲ ಮಾತ್ರ.

ಅದನ್ನೇ ನೋಡುತ್ತ ನಿಂತಿದ್ದಾಗ ಪಕ್ಕದ ಕೊರಕಲಿನಿಂದ ಒಂದು ಕೈ ಮೇಲೆದ್ದಿತು. ಮಾಮಾ ಬರಿಗೈಯಲ್ಲಿ ಬಂಡೆ ಹತ್ತಿ ಬರುತ್ತಿದ್ದರು. ಮುಖ ಊದಿತ್ತು, ಬೆರಳುಗಳ ತುದಿಯೆಲ್ಲ ರಕ್ತ.

“ಹಗ್ಗಾ ಯಾಕ ಬಿಚ್ಚಿದ್ರಿ?”

“ಕಾಲ ಜಾರಿದಾಗ ನಿನ್ನ ಬುಡದ ಮಣ್ಣ ನನ್ನ ತಲೀ ಮ್ಯಾಲೆ ಉದುರಿತು. ನಾ ಬಿದ್ರ ನೀನೂ ಬರತಿದ್ದಿ. ಇಬ್ಬರನ್ನೂ ಒಮ್ಮೆ ಕಳಕೊಂಡ್ರ ಆಕಿ ತಡಕೊಳ್ತಾಳೇನು?” ಏದುಸಿರು ಬಿಡುತ್ತ ಅವರು ಕುಳಿತರು. “ಮನ್ಯಾಗ ಹೇಳಬ್ಯಾಡ.”

ನಾನು ಹೇಳಲಿಲ್ಲ. ಅಕ್ಕ ಅಂಗಳದಲ್ಲಿಯೇ ನನ್ನ ಎರಡೂ ಕೈಗಳನ್ನು ಹಿಡಿದು ಅಂಗೈ ಮೇಲಾಗಿ ತಿರುಗಿಸಿದಳು.

“ಅಣ್ಣನ ಅಂಗೈ ಪ್ರತಿಸಲ ಸುಲದಿರತಿದ್ದುವು,” ಎಂದಳು. “ನಿನ್ನವು ಒಂದ್ ಗೀರೂ ಇಲ್ಲದ ಹಂಗ ಅದಾವಲ್ಲ?”

ಆಕೆ ಗಂಡನ ಬೆರಳುಗಳನ್ನು ನೋಡಿದಳು, ಬಹಳ ಹೊತ್ತು. ಆಮೇಲೆ ತುಂಬುಬಸಿರಿನಲ್ಲಿ ಕಷ್ಟದಿಂದ ಬಾಗಿ ಚೀಲವನ್ನೆತ್ತಿಕೊಂಡು ಹಿತ್ತಲಿಗೆ ನಡೆದಳು. ಅಷ್ಟೂ ಜೇನನ್ನು ತಿಪ್ಪೆಗೆ ಸುರುವಿದಳು. ಮಾಮಾ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದರು, ತಡೆಯಲಿಲ್ಲ.

“ಬರೂ ವರ್ಷ ಮತ್ತ ಇಳೀತೀರೇನು?” ಎಂದು ಆಕೆ ತಿರುಗದೆಯೇ ಕೇಳಿದಳು.