ಹಸಿರು ರಕ್ತದ ಮಿಡತೆಗಳು

ವಿಮಲಾ, ನಿನ್ನ ಮಿಡತೆಗಳನ್ನು ಕೆಡಿಸಿದವನು ನಾನು. ನಿನ್ನ ತಪ್ಪು ಏನೂ ಇರಲಿಲ್ಲ.

ವಿಶಾಖಪಟ್ಟಣದ ಆ ಪ್ರಯೋಗಾಲಯದಲ್ಲಿ ಕನ್ನಡದವರು ನಾವಿಬ್ಬರೇ. ನೀನು ಧಾರವಾಡದವಳು, ನಾನು ಮೈಸೂರಿನವನು. ಇಬ್ಬರ ಅಪ್ಪಂದಿರೂ ಬ್ಯಾಂಕಿನ ವರ್ಗಾವಣೆಯಲ್ಲಿ ಆಂಧ್ರಕ್ಕೆ ಬಂದವರು. ಒಂಟಿಯಾಗಿ ಬೆಳೆದ ಮಿಡತೆಮರಿ ಹಸಿರು, ಅದರ ರಕ್ತವೂ ಹಸಿರು. ಗುಂಪಿನಲ್ಲಿ ಬೆಳೆದದ್ದರ ಮೈ ಹಳದಿ-ಕಪ್ಪು, ರಕ್ತ ಹಳದಿ. ಆ ಹಸಿರು ಎಲ್ಲಿಂದ ಬರುತ್ತದೆ ಎಂಬುದೇ ನಿನ್ನ ಸಂಶೋಧನೆ. ಅದಕ್ಕಾಗಿ ಒಂದೊಂದು ಮರಿಗೂ ಒಂದೊಂದು ಗಾಜಿನ ಜಾಡಿ, ಒಂದನ್ನೊಂದು ನೋಡದಂತೆ ಸುತ್ತ ಕಾಗದ.

ವಿಜಯವಾಡದ ಭವಾನಿಪುರಂನಿಂದ ನಿನ್ನ ಅಪ್ಪನಿಗೆ ಕಾಯಿಲೆಯೆಂದು ಸುದ್ದಿ ಬಂತು. ಜಾಡಿಗಳನ್ನು ನನಗೊಪ್ಪಿಸಿ ರೈಲು ಹತ್ತುವಾಗ ನೀನು ಹೇಳಿದ್ದು ಇಷ್ಟೇ: “ಒಂದಕ್ಕೊಂದು ತಾಕಬಾರದು ನೋಡಪಾ. ನೀ ನಮ್ಮಾಂವ ಅಂತ ಬಿಟ್ಟು ಹೊಂಟೀನಿ.”

ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ಕನ್ನಡದವರ ಯುಗಾದಿ ನಾಟಕ. ನನಗೊಂದು ಪಾತ್ರ, ದಿನವೂ ತಾಲೀಮು. ಪ್ರತಿ ಜಾಡಿ ತೊಳೆದು, ಗೋಧಿ ಸಸಿ ಹಾಕಿ— ಬೇಸರ ಬಂತು. ಎಲ್ಲವನ್ನೂ ಒಂದೇ ಪಂಜರಕ್ಕೆ ಸುರಿದೆ. ನಮ್ಮವರ ಗುಂಪಿನಲ್ಲಿ ನಾಲ್ಕು ಮಾತು ಕನ್ನಡ ಆಡುವ ಆಸೆ ನನಗೆ... ಹೋಗಲಿ, ಅದು ನೆಪ. ನಾಟಕ ಮುಗಿಯುವಷ್ಟರಲ್ಲಿ ಮರಿಗಳು ಪೊರೆ ಬಿಟ್ಟಿದ್ದವು, ಮೈಮೇಲೆ ಕಪ್ಪು ಚುಕ್ಕೆ ಮೂಡಿತ್ತು. ನೀನು ಬರುವ ಮುನ್ನ ಗಡಿಬಿಡಿಯಲ್ಲಿ ಜಾಡಿಗಳಿಗೆ ಹಾಕಿ ಕಾಗದ ಸುತ್ತಿಟ್ಟೆ.

ಪ್ರೊಫೆಸರರ ಎದುರೇ ನೀನು ರಕ್ತ ತೆಗೆದೆ. ಹಳದಿ. ಹಾಗಾದರೆ ಹಿಂದಿನ ಹಸಿರೆಲ್ಲ ಕಟ್ಟುಕತೆಯೇ ಎಂದು ಅವರು ಕೇಳಿದರು. ನೀನು ನನ್ನತ್ತ ನೋಡಿದೆ. ಆಗಲಾದರೂ—

“ಒಂಟಿಯಾಗೇ ಇದ್ವು ಸಾರ್,” ಎಂದೆ. ಧ್ವನಿ ನಡುಗಲೂ ಇಲ್ಲ.

ಆಮೇಲೆ ನಿನ್ನ ಯಾವ ಫಲಿತಾಂಶವನ್ನೂ ಅವರು ನಂಬಲಿಲ್ಲ. ನೀನು ಎಲ್ಲ ಬಿಟ್ಟು ವಿಜಯವಾಡಕ್ಕೆ ಹೊರಟುಹೋದೆ. ನನಗೆ ಡಾಕ್ಟರೇಟ್ ಬಂತು.

ವರ್ಷಗಳ ಮೇಲೆ ನಿನ್ನ ಮನೆಗೆ ಬಂದೆನಲ್ಲ, ಹೇಳಿಬಿಡಬೇಕೆಂದೇ ಬಂದಿದ್ದೆ. ನಿನ್ನ ಮಗಳಿಗೆ ನೀನು ತೆಲುಗಿನಲ್ಲಿ ನನ್ನ ಪರಿಚಯ ಮಾಡಿಕೊಟ್ಟೆ, ಅಮ್ಮನ ಹುಳಗಳನ್ನು ಜೋಪಾನ ಮಾಡಿದ ಅಂಕಲ್ ಎಂದು. ಆಮೇಲೆ ನಗುತ್ತ ನನಗೆ ಹೇಳಿದೆ: “ಹಸರ ಕಂಡದ್ದು ನನ್ನ ಕಣ್ಣಿನ ತಪ್ಪ ಇರಬೇಕು. ಈಗ ಸೀರಿ ಬಣ್ಣಕ್ಕೂ ಇಕೀನ್ನ ಕೇಳ್ತೀನಿ.”

ನಾನು ಚಹಾ ಕುಡಿದು ಎದ್ದು ಬಂದೆ.

ನಿನ್ನ ಡಿಗ್ರಿಯನ್ನಷ್ಟೇ ಕಳೆದೆನೆಂದು ಅಲ್ಲಿಯವರೆಗೆ ತಿಳಿದಿದ್ದೆ. ಕ್ಷಮೆ ಕೇಳಲು ನನಗೆ ಮುಖವಿಲ್ಲ. ಇದನ್ನು ಓದಿದರೂ ನಿನಗೆ ಏನೂ ಮರಳಿ ಬರುವುದಿಲ್ಲ, ಗೊತ್ತು. ಆದರೂ— ಅದು ಹಸಿರೇ ಇತ್ತು, ವಿಮಲಾ. ನಾನೂ ನೋಡಿದ್ದೆ.