ತೆಂಗಿನಕಾಯಿ ನೀರಿನ ತಪ್ಪಲ್ಲ

ರಾಮಲಕ್ಷ್ಮಮ್ಮ ಚಿಮುಕಿಸಿದ ತೆಂಗಿನಕಾಯಿ ನೀರಿನಿಂದ ನಮ್ಮ ಫ್ಯಾಕ್ಟರಿಯ ರೂಟರ್ ಕೆಡಲಿಲ್ಲ. ಕೆಡಿಸಿದವನು ನಾನು. ಇಷ್ಟನ್ನು ಬಾಯಿಬಿಟ್ಟು ಹೇಳಲು ನನಗೆ ನಾಲ್ಕು ವರ್ಷ ಬೇಕಾಯಿತು — ಅದೂ ಧೈರ್ಯ ಬಂದದ್ದರಿಂದಲ್ಲ, ನಾಚಿಕೆ ತಡೆಯಲಾಗದೆ.

ಗೌರಿಬಿದನೂರಿನ ಪಕ್ಕದ ಕುಡುಮಲಕುಂಟೆಯಲ್ಲಿ ಅಂಗಿ ಹೊಲಿಯುವ ಫ್ಯಾಕ್ಟರಿ ನಮ್ಮದು. ಅಲ್ಲಿನ ಕಂಪ್ಯೂಟರು, ನೆಟ್‌ವರ್ಕು ನನ್ನ ಪಾಲಿಗೆ. ರಾಮಲಕ್ಷ್ಮಮ್ಮ ಸ್ಟೋರ್ ನೋಡಿಕೊಳ್ಳುವವರು. ಚಿಂತಾಮಣಿ ಕಡೆಯವರಾದ್ದರಿಂದ ಕೋಪ ಬಂದರೆ ತೆಲುಗಿಗೆ ಜಾರುತ್ತಾರೆ. ಆಯುಧಪೂಜೆ ಪ್ರತಿ ವರ್ಷ ಅವರ ಕೈಯಿಂದಲೇ. ಅದು ಅವರ ಹೆಮ್ಮೆ. ದೊಡ್ಡ ಯಂತ್ರದಿಂದ ನೂಲು ಕತ್ತರಿಸುವ ಪುಟ್ಟ ಕತ್ತರಿಯವರೆಗೆ ಒಂದಕ್ಕೂ ಕುಂಕುಮ ತಪ್ಪಿಸುತ್ತಿರಲಿಲ್ಲ.

ಆ ವರ್ಷ ಪೂಜೆಗೆ ಕೆಲವು ತಿಂಗಳ ಮುಂಚೆ ನಾನು ಕೆಲಸಕ್ಕೆ ಸೇರಿದ್ದೆ. ನನಗಿಂತ ಮೊದಲಿದ್ದವನು ರೂಟರಿನ ಪಾಸ್‌ವರ್ಡ್ ಯಾರಿಗೂ ಹೇಳದೆ ಬಿಟ್ಟು ಹೋಗಿದ್ದ. ಒಳಹೋಗಲು ಒಂದು ದಾರಿಯಿದೆ: ರೂಟರ್ ಶುರುವಾಗುವಾಗಲೇ ತಡೆದು, 'ಉಳಿಸಿಟ್ಟ ಸೆಟ್ಟಿಂಗ್ ಓದಬೇಡ, ಖಾಲಿಯಾಗಿ ಏಳು' ಎಂದು ಅದರ ಒಂದು ಸಂಖ್ಯೆ ಬದಲಿಸಬೇಕು. 2102 ಇದ್ದದ್ದನ್ನು 2142 ಮಾಡಿದೆ. ಹಳೆಯ ಸೆಟ್ಟಿಂಗ್ ಮತ್ತೆ ತುಂಬಿ, ಹೊಸ ಪಾಸ್‌ವರ್ಡ್ ಇಟ್ಟೆ. ಆಮೇಲೆ ಆ ನಾಲ್ಕನ್ನು ಮತ್ತೆ ಸೊನ್ನೆ ಮಾಡಬೇಕಿತ್ತು, ಅಷ್ಟೇ — ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಆವತ್ತು ಮುದ್ದೆ, ಅವರೆಕಾಳು ಸಾರು. ಎದ್ದು ಹೋದವನು ಮರೆತೇಬಿಟ್ಟೆ. ಯುಪಿಎಸ್ ಇದ್ದುದರಿಂದ ರೂಟರ್ ತಿಂಗಳುಗಟ್ಟಲೆ ಆರಲಿಲ್ಲ, ನನ್ನ ತಪ್ಪೂ ಹೊರಬರಲಿಲ್ಲ.

ಆಯುಧಪೂಜೆಯ ದಿನ ಯುಪಿಎಸ್ ಸಹಿತ ಎಲ್ಲವನ್ನೂ ಆರಿಸುತ್ತಾರೆ. ರಾಮಲಕ್ಷ್ಮಮ್ಮ ರೂಟರಿಗೂ ಕುಂಕುಮ ಇಟ್ಟು, ಕಾಯಿ ಒಡೆದು, ನಾಲ್ಕು ಹನಿ ಚಿಮುಕಿಸಿದರು. ಮಂಗಳಾರತಿ ಆಯಿತು, ಮೇನ್ ಸ್ವಿಚ್ ಹಾಕಿದೆವು. ರೂಟರ್ ಎದ್ದಿತು — ಆಗತಾನೇ ಹುಟ್ಟಿದ ಕೂಸಿನ ಹಾಗೆ, ಏನೊಂದೂ ಗೊತ್ತಿಲ್ಲದೆ. ಅದರ ಮೂಲಕವೇ ಕೆಲಸ ಮಾಡುವ ಹಾಜರಿ ಯಂತ್ರ ಯಾರ ಹೆಬ್ಬೆರಳನ್ನೂ ಒಪ್ಪಲಿಲ್ಲ. ಅದು ಒಪ್ಪದೆ ಗೇಟು ತೆರೆಯುವುದಿಲ್ಲ. ಹಬ್ಬದ ದಿನ ಮನೆಗೆ ಹೊರಟ ಇನ್ನೂರು ಹೆಂಗಸರು ಕಡ್ಲೆಪುರಿ ಪೊಟ್ಟಣ ಹಿಡಿದು ಬಿಸಿಲಲ್ಲಿ ನಿಂತರು.

"ಕಾಯಿ ನೀರು ಒಳಗ್ ಹೋಗೈತೆ! ಆಯಮ್ಮಂದೇ ಕೆಲ್ಸ!" ಎಂದು ಯಾರೋ ಕೂಗಿದರು.

ಅಷ್ಟೇ ಸಾಕಾಯಿತು. ರಾಮಲಕ್ಷ್ಮಮ್ಮ ಅಳುತ್ತಾ ಸೆರಗಿನಿಂದ ರೂಟರ್ ಒರೆಸಿದರು. ಇಸ್ತ್ರಿ ವಿಭಾಗದವರು ಒಣಗಿಸಲು ಇಸ್ತ್ರಿಪೆಟ್ಟಿಗೆಯನ್ನೇ ತಂದರು, ಕೈಮುಗಿದು ತಡೆದೆ. ಅರ್ಧ ಗಂಟೆ ನಾನೂ ನೀರೇ ಎಂದು ನಂಬಿದ್ದೆ. ಕೊನೆಗೆ ಲ್ಯಾಪ್‌ಟಾಪ್ ಜೋಡಿಸಿದರೆ, ಪರದೆಯ ಮೇಲೆ 2142. ನಾನೇ ಬಿಟ್ಟು ಹೋದ ನಾಲ್ಕು!

"ನೀರೇ ಏನಪ್ಪಾ?" ಎಂದರು ಮ್ಯಾನೇಜರ್.

"ಇರಬಹುದು ಸಾರ್."

ಮರೆತದ್ದನ್ನು ಯಾರಾದರೂ ಕ್ಷಮಿಸಿಯಾರು. ಆದರೆ ಈ 'ಇರಬಹುದು' — ಗೊತ್ತಿದ್ದೂ ಹೇಳಿದ್ದು. ಸದ್ದಿಲ್ಲದೆ ಸೊನ್ನೆ ಹಾಕಿ ರೂಟರನ್ನು ಮತ್ತೆ ಶುರುಮಾಡಿದೆ, ಎಲ್ಲ ಸರಿಹೋಯಿತು.

ಸರಿಹೋದದ್ದೇ ಆಯಮ್ಮನಿಗೆ ಮುಳುವಾಯಿತು. ನೀರು ಒಣಗಿದ್ದಕ್ಕೇ ಸರಿಹೋಯಿತು ಎಂದುಕೊಂಡರು ಎಲ್ಲರೂ, ಪೂಜೆ ಅವರ ಕೈತಪ್ಪಿತು. ಮರುವರ್ಷ ಬೇರೆಯವರು ನೀರಿಲ್ಲದೆ ಪೂಜೆ ಮಾಡಿದರು. ರೂಟರ್ ಕಮಕ್ ಕಿಮಕ್ ಎನ್ನಲಿಲ್ಲ. "ನೋಡಿದ್ರಾ, ನೀರು ಬೀಳ್ದಿದ್ರೆ ಎಷ್ಟ್ ಚೆನ್ನಾಗೈತೆ!" ಎಂದರು ಎಲ್ಲರೂ. 'ಒಳಗೆ ನೀರು ತರಬಾರದು' ಎಂಬ ಬೋರ್ಡನ್ನು ನನ್ನಿಂದಲೇ ಬರೆಸಿದರು. ದೊಡ್ಡ ಅಕ್ಷರದಲ್ಲಿ, ಅಡಿಗೆರೆ ಎಳೆದು ಬರೆದೆ. ರಾಮಲಕ್ಷ್ಮಮ್ಮ ಮಾತ್ರ ಕಂಡಾಗಲೆಲ್ಲ ಕಾಯಿಲೆಯವರನ್ನು ವಿಚಾರಿಸುವಂತೆ ಕೇಳುತ್ತಿದ್ದರು: "ಬಾಕ್ಸು ಹೆಂಗೈತಪ್ಪಾ ಈಗ?" "ಚೆನ್ನಾಗಿದೆಯಮ್ಮಾ" ಎಂದು ಹೇಳಿ ಮುಂದೆ ಹೋಗುತ್ತಿದ್ದೆ — ನಾಲ್ಕು ವರ್ಷ.

ಕಳೆದ ವಾರ ಸ್ಟೋರ್ ರೂಮಿಗೆ ಹೋಗಿ ಎಲ್ಲ ಹೇಳಿದೆ.

"ಅಂದ್ರೆ ನನ್ ಕೈಯಿಂದ ಕೆಟ್ಟಿದ್ದಲ್ಲ?"

"ಅಲ್ಲಮ್ಮಾ."

"ಅಯ್ಯೋ ದೇವುಡಾ..." ಎಂದು ಕೈಲಿದ್ದ ಬಟನ್ ಡಬ್ಬಿಯ ಮುಚ್ಚಳ ಹಾಕಿ ಕೆಳಗಿಟ್ಟರು. ಆಮೇಲೆ ತಲೆ ಎತ್ತಿದರು. "ನಾನು ಇನ್ನೂರು ಜನದ ಮುಂದೆ ಅನ್ನಿಸ್ಕೊಂಡೆ ಕಣಪ್ಪಾ. ನೀನು ಬಾಗಿಲು ಹಾಕ್ಕೊಂಡು ಹೇಳ್ತಿದೀಯಾ?"

ತಿರುಗಿ ನೋಡಿದೆ. ಹೌದು, ಒಳಗೆ ಬರುವಾಗ ಚಿಲಕ ಹಾಕಿಕೊಂಡು ಬಂದಿದ್ದೆ.

ಎದ್ದು ಬಾಗಿಲು ತೆರೆದೆ. ಹೊರಗೆ ಊಟದ ಸಾಲು ನಿಂತಿತ್ತು. ಮೊದಲಿನಿಂದ ಮತ್ತೆ ಶುರುಮಾಡಿದೆ — ಈ ಸಲ ಗಟ್ಟಿಯಾಗಿ.